ಹುಲಿ ಕಂಡರೆ ನಿಕಲ್: ನಾಣ್ಯ ಪ್ರದರ್ಶನಕ್ಕೆ ಹೋಗುವ ಮುಂಚೆ ಓದಿಕೊಳ್ಳಬೇಕಾದ ಪಾಠ

ಮೂರು ನಾಣ್ಯಗಳನ್ನು ಒಂದು ಸಾಲಿನಲ್ಲಿ ಇಟ್ಟಿದ್ದೇವೆ ಅಂದುಕೊಳ್ಳಿ. ಒಂದು 1938ರ ರೂಪಾಯಿ, ಇನ್ನೊಂದು 1944ರ ರೂಪಾಯಿ, ಮೂರನೆಯದು 1947ರ ರೂಪಾಯಿ. ಮೂರರ ಮೇಲೂ ಆರನೇ ಜಾರ್ಜ್ ದೊರೆಯ ತಲೆ ಇದೆ. ಮೂರೂ ಬೆಳ್ಳಗಿವೆ. ಕೈಯಲ್ಲಿ ಹಿಡಿದರೆ ತೂಕವೂ ಹೆಚ್ಚುಕಡಿಮೆ ಒಂದೇ ಅನಿಸತ್ತೆ. ಆದರೆ ಮೊದಲನೆಯದರಲ್ಲಿ ಶೇ. 91.7 ಬೆಳ್ಳಿ ಇದೆ, ಎರಡನೆಯದರಲ್ಲಿ ಶೇ. 50, ಮೂರನೆಯದರಲ್ಲಿ ಬೆಳ್ಳಿ ಅನ್ನೋದು ಒಂದು ಚೂರೂ ಇಲ್ಲ. ಅದು ಪೂರ್ತಿ ನಿಕಲ್. ಹತ್ತು ವರ್ಷದ ಒಳಗೆ ಒಂದೇ ರೂಪಾಯಿ ಎರಡು ಸಲ ಲೋಹ ಬದಲಿಸಿತು.

ಇದು ಯಾಕೆ ಆಯ್ತು, ಇದನ್ನು ಕಣ್ಣಲ್ಲಿ ಹೇಗೆ ಗುರುತಿಸೋದು, ಕಣ್ಣಿಗೆ ಗೊತ್ತಾಗದಿದ್ದರೆ ನಮ್ಮ ಫಸ್ಟ್ ಇಯರ್ ಫಿಸಿಕ್ಸ್ ಎಷ್ಟು ಸಹಾಯ ಮಾಡತ್ತೆ, ಇವಿಷ್ಟೇ ಈ ಲೇಖನದ ವಿಷಯ. ಕನ್ನಡ ಸಂಘದ ನಾವು ನಾಲ್ವರು ಬೆಂಗಳೂರಿನಲ್ಲಿ ನಡೆದ ಒಂದು ನಾಣ್ಯ ಪ್ರದರ್ಶನಕ್ಕೆ ಶನಿವಾರ ಹೋಗಿ, ಇಡೀ ದಿನ ಬೆಳ್ಳಿ ಮತ್ತು ನಿಕಲ್ ನಾಣ್ಯಗಳನ್ನೇ ಹುಡುಕಿದ್ವಿ. ನಾಲ್ವರ ಜೇಬು ಸೇರಿಸಿದರೂ ಎರಡು ಸಾವಿರ ದಾಟುತ್ತಿರಲಿಲ್ಲ. ಅಷ್ಟು ದುಡ್ಡಿಗೆ ಎಷ್ಟು ಕಲಿಯಬಹುದು ಅಂತ ಗೊತ್ತಾಗಿದ್ದು ಅಲ್ಲೇ.

ಒಂದೇ ಯುದ್ಧ, ಎರಡು ದಾರಿ

ಮೊದಲು ಸ್ವಲ್ಪ ಇತಿಹಾಸ. ಬೋರ್ ಅನಿಸಿದರೂ ಬಿಡಬೇಡಿ. ನಾಣ್ಯದ ಮೇಲಿನ ಇಸವಿ ನೋಡಿದ ಕೂಡಲೇ ಲೋಹ ಹೇಳೋಕೆ ಈ ಇತಿಹಾಸವೇ ಕೀಲಿಕೈ.

1835ರಿಂದ ಬ್ರಿಟಿಷ್ ಭಾರತದ ರೂಪಾಯಿಗೆ ಒಂದು ಗಟ್ಟಿ ಅಳತೆ ಇತ್ತು. ತೂಕ 180 ಗ್ರೇನ್, ಅಂದ್ರೆ 11.66 ಗ್ರಾಂ. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ, ಉಳಿದ ಒಂದು ಭಾಗ ತಾಮ್ರ. ಲೆಕ್ಕ ಹಾಕಿದರೆ ಒಂದು ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ. ವಿಕ್ಟೋರಿಯಾ ರಾಣಿ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಹೀಗೆ ತಲೆಗಳು ಬದಲಾದವು, ಲೋಹ ಬದಲಾಗಲಿಲ್ಲ. ನೂರು ವರ್ಷಕ್ಕೂ ಮೀರಿ ಅದೇ ಅಳತೆ ನಡೆಯಿತು.

ಮೊದಲ ಪೆಟ್ಟು ಬಿದ್ದದ್ದು ಮೊದಲ ಮಹಾಯುದ್ಧದಲ್ಲಿ. ಸೈನ್ಯಕ್ಕೆ ಬೇಕಾದ ಸಾಮಾನು ಭಾರತದಿಂದ ಹೋಗುತ್ತಿತ್ತು, ಅದಕ್ಕೆ ಕೊಡಬೇಕಾದ ದುಡ್ಡು ಬೆಳ್ಳಿ ರೂಪಾಯಿಯಲ್ಲೇ ಬೇಕಿತ್ತು. ಬೆಳ್ಳಿ ಸಾಲದೆ 1917ರಲ್ಲಿ ಒಂದು ರೂಪಾಯಿಯ ಕಾಗದದ ನೋಟು ಬಂತು. ಆಗ ಬೆಳ್ಳಿ ಎಲ್ಲಿಂದ ತಂದರು ಗೊತ್ತಾ? ಅಮೆರಿಕದಿಂದ. 1918ರ ಪಿಟ್‌ಮನ್ ಕಾಯ್ದೆಯ ಪ್ರಕಾರ ಅಮೆರಿಕ ತನ್ನ ಖಜಾನೆಯಲ್ಲಿದ್ದ ಸುಮಾರು 25.9 ಕೋಟಿ ಬೆಳ್ಳಿ ಡಾಲರ್‌ಗಳನ್ನು ಕರಗಿಸಿ, ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಭಾರತಕ್ಕಾಗಿ ಬ್ರಿಟನ್‌ಗೆ ಮಾರಿತು. ಆ ಬೆಳ್ಳಿ ಇಲ್ಲಿಗೆ ಬಂದು ರೂಪಾಯಿಯಾಯಿತು. ಪ್ರದರ್ಶನದ ಟ್ರೇಗಳಲ್ಲಿ 1918, 1919ರ ಐದನೇ ಜಾರ್ಜ್ ರೂಪಾಯಿಗಳು ರಾಶಿ ರಾಶಿ ಸಿಗತ್ತೆ. ಆ ಎರಡು ವರ್ಷ ಕೋಟಿಗಟ್ಟಲೆ ಟಂಕಿಸಿದ್ದರಿಂದಲೇ ಅಷ್ಟು ಸಿಗೋದು. ನಿಮ್ಮ ಕೈಯಲ್ಲಿರುವ 1919ರ ರೂಪಾಯಿಯ ಬೆಳ್ಳಿ ಹಿಂದಿನ ಜನ್ಮದಲ್ಲಿ ಅಮೆರಿಕದ ಡಾಲರ್ ಆಗಿದ್ದಿರಬಹುದು.

ಎರಡನೇ ಮಹಾಯುದ್ಧದ ಪೆಟ್ಟು ಇನ್ನೂ ದೊಡ್ಡದು. 1940ರಲ್ಲಿ ಜನ ಹೆದರಿ ನೋಟು ಕೊಟ್ಟು ಬೆಳ್ಳಿ ರೂಪಾಯಿ ತಗೊಂಡು ಮನೆಯಲ್ಲಿ ಬಚ್ಚಿಡತೊಡಗಿದರು. ಸರ್ಕಾರ ಒಂದು ರೂಪಾಯಿ ನೋಟನ್ನು ಮತ್ತೆ ತಂದಿತು, ಜೊತೆಗೆ ರೂಪಾಯಿಯ ಲೋಹವನ್ನೇ ಬದಲಿಸಿತು. ಹೊಸ ಮಿಶ್ರಲೋಹದಲ್ಲಿ ಶೇ. 50 ಬೆಳ್ಳಿ, ಶೇ. 40 ತಾಮ್ರ, ಶೇ. 5 ನಿಕಲ್, ಶೇ. 5 ಸತು. ನಾಲ್ಕು ಲೋಹ ಇರೋದರಿಂದ ಇದಕ್ಕೆ ಕ್ವಾಟರ್ನರಿ ಬೆಳ್ಳಿ ಅಂತಾರೆ. ಪ್ರದರ್ಶನದಲ್ಲಿ ಡೀಲರ್‌ಗಳು ಸುಮ್ಮನೆ 'ಅರ್ಧ ಬೆಳ್ಳಿ' ಅಂತ ಹೇಳೋದೂ ಉಂಟು. ಹಳೆಯ ಪೂರ್ಣ ಬೆಳ್ಳಿಯ ರೂಪಾಯಿಗಳನ್ನು 1941ರಿಂದ 1943ರ ಒಳಗೆ ಹಂತಹಂತವಾಗಿ ಚಲಾವಣೆಯಿಂದ ಹಿಂದಕ್ಕೆ ಪಡೆದರು. ಆದರೆ ಜನ ಎಲ್ಲವನ್ನೂ ವಾಪಸ್ ಕೊಡಲಿಲ್ಲ. ಒಳ್ಳೆಯ ನಾಣ್ಯ ಪೆಟ್ಟಿಗೆಗೆ, ಕಡಿಮೆ ಬೆಲೆಯ ನಾಣ್ಯ ಪೇಟೆಗೆ. ಇಕನಾಮಿಕ್ಸ್‌ನವರು ಇದನ್ನೇ ಗ್ರೆಷಮ್ ನಿಯಮ ಅಂತಾರೆ. ನಮ್ಮ ಅಜ್ಜಿ ಮನೆಗಳ ಪೆಟ್ಟಿಗೆಯಲ್ಲಿ ಇವತ್ತಿಗೂ ರಾಣಿ ರೂಪಾಯಿ ಇರೋದಕ್ಕೆ ಇದೂ ಒಂದು ಕಾರಣ.

ಅರ್ಧಕ್ಕೆ ಇಳಿಸಿದರೂ ಬೆಳ್ಳಿ ಸಾಲಲಿಲ್ಲ. ಲೆಂಡ್-ಲೀಸ್ ಒಪ್ಪಂದದಲ್ಲಿ ಅಮೆರಿಕದಿಂದ 22.6 ಕೋಟಿ ಔನ್ಸ್ ಬೆಳ್ಳಿ ಸಾಲ ತಂದರು. ಕರಾರು ಏನೆಂದರೆ, ಯುದ್ಧ ಮುಗಿದ ಮೇಲೆ ಔನ್ಸಿಗೆ ಔನ್ಸ್ ಬೆಳ್ಳಿಯನ್ನೇ ವಾಪಸ್ ಕೊಡಬೇಕು. ಕೊಡಬೇಕಾದರೆ ನಾಣ್ಯದಿಂದ ಬೆಳ್ಳಿ ತೆಗೆಯಲೇಬೇಕು. ಹಾಗಾಗಿ 1946ರಲ್ಲಿ ಪಾವಲಿ ಮತ್ತು ಎಂಟಾಣೆ, 1947ರಲ್ಲಿ ರೂಪಾಯಿ, ಶುದ್ಧ ನಿಕಲ್‌ನಲ್ಲಿ ಬಂದವು. ವಾಪಸ್ ಪಡೆದ ಕ್ವಾಟರ್ನರಿ ನಾಣ್ಯಗಳಿಂದ ಬೆಳ್ಳಿ ಬೇರ್ಪಡಿಸಿ, 1950ರ ದಶಕದಲ್ಲಿ ಸಾಲ ತೀರಿಸಲಾಯಿತು. ದೇಶ ಇಬ್ಭಾಗ ಆಗಿದ್ದರಿಂದ ಪಾಕಿಸ್ತಾನವೂ ತನ್ನ ಪಾಲು ಕೊಟ್ಟಿತು.

ಈಗ ಅದೇ ಯುದ್ಧದಲ್ಲಿ ಅಮೆರಿಕ ಏನು ಮಾಡಿತು ನೋಡಿ. ಅಲ್ಲಿನ ಐದು ಸೆಂಟ್ ನಾಣ್ಯಕ್ಕೆ ಹೆಸರೇ ನಿಕಲ್. 1866ರಿಂದ ಅದರಲ್ಲಿ ಶೇ. 75 ತಾಮ್ರ, ಶೇ. 25 ನಿಕಲ್. ಯುದ್ಧ ಬಂದಾಗ ಅಲ್ಲಿ ಕೊರತೆ ಆಗಿದ್ದು ನಿಕಲ್‌ಗೆ, ಯಾಕಂದ್ರೆ ರಕ್ಷಾಕವಚದ ಉಕ್ಕಿಗೆ ಅದು ಬೇಕಿತ್ತು. ಬೆಳ್ಳಿ ಅವರ ಖಜಾನೆಯಲ್ಲಿ ಕೊಳೆಯುವಷ್ಟು ಇತ್ತು. ಅಣುಬಾಂಬ್ ಯೋಜನೆಯಲ್ಲಿ ಯುರೇನಿಯಂ ಬೇರ್ಪಡಿಸುವ ದೊಡ್ಡ ವಿದ್ಯುತ್ಕಾಂತಗಳ ಸುರುಳಿಗೆ ತಾಮ್ರ ಸಿಗದಿದ್ದಾಗ, ಖಜಾನೆಯಿಂದ 13,000 ಟನ್ನಿಗೂ ಹೆಚ್ಚು ಬೆಳ್ಳಿ ಸಾಲ ತಂದು ಅದರಲ್ಲೇ ಸುತ್ತಿದರು. ಇ ಅಂಡ್ ಇ ಬ್ರಾಂಚಿನವರು ದಯವಿಟ್ಟು ಗಮನಿಸಿ! ಹಾಗೇ 1942ರ ಅಕ್ಟೋಬರ್‌ನಿಂದ 1945ರ ತನಕ ಅವರ ಐದು ಸೆಂಟ್‌ನಿಂದ ನಿಕಲ್ ಪೂರ್ತಿ ತೆಗೆದು, ಶೇ. 56 ತಾಮ್ರ, ಶೇ. 35 ಬೆಳ್ಳಿ, ಶೇ. 9 ಮ್ಯಾಂಗನೀಸ್ ಹಾಕಿದರು.

ಅಂದ್ರೆ ಒಂದೇ ಯುದ್ಧ, ಅವೇ ಎರಡು ಲೋಹ. ಅಲ್ಲಿ ನಿಕಲ್ ಹೋಗಿ ಬೆಳ್ಳಿ ಬಂತು, ಇಲ್ಲಿ ಬೆಳ್ಳಿ ಹೋಗಿ ನಿಕಲ್ ಬಂತು. ಯಾವ ಸರ್ಕಾರಕ್ಕೆ ಯಾವ ಲೋಹ ಕೈಗೆ ಸಿಕ್ಕಿತೋ ಅದು ನಾಣ್ಯವಾಯಿತು. ಪ್ರದರ್ಶನದಲ್ಲಿ ಬೆಳ್ಳಿ ಹುಡುಕುವುದು ಅಂದ್ರೆ ಈ ಇಸವಿಗಳನ್ನು ಓದುವುದು, ಅಷ್ಟೇ.

ಟೇಬಲ್ ಮುಂದೆ ನಿಂತಾಗ

ಪ್ರದರ್ಶನದ ಹಾಲ್‌ನಲ್ಲಿ ಎರಡು ಥರದ ಟೇಬಲ್ ಇರತ್ತೆ. ಒಂದರಲ್ಲಿ ಪ್ರತಿ ನಾಣ್ಯವೂ ಪ್ಲಾಸ್ಟಿಕ್ ಕಿಟಕಿ ಇರುವ ರಟ್ಟಿನ ಚೌಕದೊಳಗೆ, ಬೆಲೆ ಬರೆದು ಕೂತಿರತ್ತೆ. ಇನ್ನೊಂದರಲ್ಲಿ ಟ್ರೇ ಅಥವಾ ಡಬ್ಬದ ತುಂಬ ರಾಶಿ, 'ಯಾವುದು ತಗೊಂಡ್ರೂ ಇಷ್ಟು' ಅನ್ನುವ ಬೋರ್ಡು. ವಿದ್ಯಾರ್ಥಿಗಳಿಗೆ ಎರಡನೆಯದೇ ಶಾಲೆ. ಅಲ್ಲಿ ಹುಡುಕೋಕೆ ಈ ಪಟ್ಟಿ ಫೋನಿನಲ್ಲಿ ಇಟ್ಕೊಳ್ಳಿ.

ಒಂದು. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ರೂಪಾಯಿ ಎಲ್ಲವೂ ಶೇ. 91.7 ಬೆಳ್ಳಿ. ಐದನೇ ಜಾರ್ಜ್ ರೂಪಾಯಿಗಳು 1911ರಿಂದ 1922ರ ತನಕ ಮಾತ್ರ. ಆರನೇ ಜಾರ್ಜ್‌ನಲ್ಲಿ 1938 ಮತ್ತು 1939 ಮಾತ್ರ ಪೂರ್ಣ ಬೆಳ್ಳಿ. 1939ರದ್ದು ತುಂಬಾ ಅಪರೂಪ. ಅದು ಸುಲಭ ಬೆಲೆಗೆ ಟ್ರೇಯಲ್ಲಿ ಕಂಡರೆ ಖುಷಿಪಡುವ ಮೊದಲು ಇಸವಿಯ ಕೊನೆಯ ಅಂಕಿಯನ್ನು ಲೆನ್ಸ್ ಹಾಕಿ ನೋಡಿ.

ಎರಡು. 1940ರಿಂದ 1945ರ ರೂಪಾಯಿ ಅರ್ಧ ಬೆಳ್ಳಿ. ಇಸವಿ ಸವೆದು ಹೋಗಿದ್ದರೆ ಅಂಚು ನೋಡಿ. ಹಳೆಯ ರೂಪಾಯಿಯ ಅಂಚಿನಲ್ಲಿ ಬರೀ ನೇರ ಗೀರುಗಳು. 1940ರಿಂದ ಬಂದ ರೂಪಾಯಿಯಲ್ಲಿ ಗೀರುಗಳ ನಡುವೆ ಸುತ್ತಲೂ ಒಂದು ಸಣ್ಣ ಕಾಲುವೆ ಕೊರೆದಿರತ್ತೆ. ಖೋಟಾ ಮಾಡುವವರಿಗೆ ಕಷ್ಟವಾಗಲಿ ಅಂತ ತಂದ ಇದಕ್ಕೆ ಸೆಕ್ಯೂರಿಟಿ ಎಡ್ಜ್ ಅಂತ ಹೆಸರು.

ಮೂರು. ಆರನೇ ಜಾರ್ಜ್ ನಾಣ್ಯ ತಿರುಗಿಸಿದಾಗ ಹುಲಿ ಕಂಡರೆ ನಿಕಲ್. 1946, 1947ರ ಪಾವಲಿ ಮತ್ತು ಎಂಟಾಣೆ, 1947ರ ರೂಪಾಯಿ, ಮೂರರ ಹಿಂಭಾಗದಲ್ಲೂ ಹುಲಿ ಇದೆ. 1950ರಿಂದ ದೊರೆಯ ತಲೆ ಹೋಗಿ ಅಶೋಕ ಸ್ತಂಭದ ಸಿಂಹ ಬಂತು. ಆಗಿನ ರೂಪಾಯಿ, ಅರ್ಧ, ಕಾಲು ರೂಪಾಯಿಗಳೂ ನಿಕಲ್. 1957ರಲ್ಲಿ ನಯಾ ಪೈಸೆ ಲೆಕ್ಕ ಬಂದ ಮೇಲೂ 25 ಪೈಸೆ, 50 ಪೈಸೆ, ಒಂದು ರೂಪಾಯಿ ನಿಕಲ್‌ನಲ್ಲೇ ಮುಂದುವರಿದವು. 1970ರ ದಶಕದಲ್ಲಿ ತಾಮ್ರ-ನಿಕಲ್ ಮಿಶ್ರಣ ಅವುಗಳ ಜಾಗಕ್ಕೆ ಬಂತು.

ನಾಲ್ಕು. ಚಿಲ್ಲರೆಯಲ್ಲಿ ಎಚ್ಚರ. ಎರಡಾಣೆ 1917ರ ತನಕ ಬೆಳ್ಳಿ, 1918ರಿಂದ ತಾಮ್ರ-ನಿಕಲ್. ಒಂದಾಣೆ ಎಡ್ವರ್ಡ್ ಕಾಲದಿಂದಲೂ ತಾಮ್ರ-ನಿಕಲ್, ಹೂವಿನ ಎಸಳಿನಂಥ ಅಂಚಿನದ್ದು. 1919ರ ಸುಮಾರಿಗೆ ನಾಲ್ಕಾಣೆ, ಎಂಟಾಣೆ ಕೂಡ ಸ್ವಲ್ಪ ಕಾಲ ತಾಮ್ರ-ನಿಕಲ್‌ನಲ್ಲಿ ಬಂದಿದ್ದವು. ಬೆಳ್ಳಗಿದೆ ಅಂತ ಬೆಳ್ಳಿ ಅಂದುಕೊಳ್ಳಬೇಡಿ.

ಐದು. ವಿದೇಶಿ ಡಬ್ಬ ಸಿಕ್ಕರೆ ಅಮೆರಿಕದ ಐದು ಸೆಂಟ್ ಹುಡುಕಿ. ಒಂದು ಕಡೆ ಜೆಫರ್ಸನ್ ಮುಖ, ಇನ್ನೊಂದು ಕಡೆ ಅವರ ಮನೆ ಮಾಂಟಿಸೆಲ್ಲೊ. ಮನೆಯ ಗುಮ್ಮಟದ ಮೇಲ್ಗಡೆ ದೊಡ್ಡದಾಗಿ ಪಿ, ಡಿ ಅಥವಾ ಎಸ್ ಅನ್ನೋ ಇಂಗ್ಲಿಷ್ ಅಕ್ಷರ ಇದ್ದರೆ ಅದು ಯುದ್ಧಕಾಲದ ಬೆಳ್ಳಿ ಇರುವ ನಿಕಲ್. 1942ರಲ್ಲಿ ಎರಡೂ ಥರ ಬಂದಿರುವುದರಿಂದ ಇಸವಿ ಸಾಲದು, ಅಕ್ಷರ ನೋಡಬೇಕು. ಐದು ಗ್ರಾಂ ನಾಣ್ಯದಲ್ಲಿ 1.75 ಗ್ರಾಂ ಬೆಳ್ಳಿ. ಸವೆದ ತುಂಡುಗಳು ಬೂದು ಬಣ್ಣಕ್ಕೆ ತಿರುಗಿ ಮಂಕಾಗಿ ಕಾಣತ್ತೆ. ಹಾಗಾಗಿ ಎಲ್ಲರೂ ಹೊಳೆಯುವುದನ್ನು ಆರಿಸಿ ಇದನ್ನು ಬಿಟ್ಟು ಹೋಗಿರ್ತಾರೆ. ನಮಗೂ ಡಬ್ಬದ ತಳದಲ್ಲಿ 1943ರದ್ದೊಂದು ಸಿಕ್ಕಿತು, ಎಲ್ಲದರ ಬೆಲೆಗೇ!

ಈ ದೊಡ್ಡ ಅಕ್ಷರದ ಬಗ್ಗೆ ಒಂದು ಕಥೆ ಇದೆ. 1950ರ ದಶಕದಲ್ಲಿ ನ್ಯೂಜೆರ್ಸಿಯ ಫ್ರಾನ್ಸಿಸ್ ಹೆನ್ನಿಂಗ್ ಅನ್ನುವವನು ಐದು ಸೆಂಟ್ ನಾಣ್ಯಗಳನ್ನೇ ಖೋಟಾ ಮಾಡಿದ. ಇಷ್ಟು ಚಿಲ್ಲರೆ ನಾಣ್ಯವನ್ನು ಯಾರು ನೋಡ್ತಾರೆ ಅನ್ನೋದು ಲೆಕ್ಕ. ಆದರೆ ಅವನ 1944ರ ನಾಣ್ಯಗಳಲ್ಲಿ ಗುಮ್ಮಟದ ಮೇಲೆ ಅಕ್ಷರವೇ ಇರಲಿಲ್ಲ. ನಾಣ್ಯ ಸಂಗ್ರಹಿಸುವವರ ಕಣ್ಣಿಗೆ ಅದು ಬಿತ್ತು, ಅವನು ಸಿಕ್ಕಿಬಿದ್ದ. ಈಗ ಆ ಖೋಟಾಗಳನ್ನೂ ಜನ ಹುಡುಕಿ ಸಂಗ್ರಹಿಸ್ತಾರೆ.

ಮ್ಯಾಗ್ನೆಟ್, ತಕ್ಕಡಿ, ಒಂದು ಲೋಟ ನೀರು

ಈಗ ನಮ್ಮ ಕಡೆಯ ವಿಷಯ. ನೀವು ಜೇಬಲ್ಲಿ ಇಟ್ಕೊಂಡು ಹೋಗಬೇಕಾದದ್ದು ಮೂರೇ: ಒಂದು ಚಿಕ್ಕ ಮ್ಯಾಗ್ನೆಟ್, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್. ಮುಟ್ಟುವ ಮೊದಲು 'ಸರ್, ಮ್ಯಾಗ್ನೆಟ್ ಹಿಡಿದು ನೋಡಬಹುದಾ?' ಅಂತ ಒಂದು ಮಾತು ಕೇಳಿ. ಒಳ್ಳೆಯ ಡೀಲರ್ ಖಂಡಿತ ಬೇಡ ಅನ್ನಲ್ಲ. ನಮಗೆ ಒಬ್ಬರು ತಮ್ಮ ತಕ್ಕಡಿಯನ್ನೇ ಮುಂದೆ ತಳ್ಳಿದರು.

ಮ್ಯಾಗ್ನೆಟ್: ಬೆಳ್ಳಿ ಅಂಟಲ್ಲ. ಶುದ್ಧ ನಿಕಲ್ ಅಂಟತ್ತೆ. ಕೋಣೆಯ ಬಿಸಿಯಲ್ಲಿ ಕಾಂತಕ್ಕೆ ಬಲವಾಗಿ ಅಂಟುವ ಶುದ್ಧ ಲೋಹಗಳು ಕಬ್ಬಿಣ, ಕೋಬಾಲ್ಟ್, ನಿಕಲ್ ಅಂತ ಪಿಯುಸಿಯಲ್ಲಿ ಓದಿದ್ವಲ್ಲ, ಅದೇ. ಆದ್ದರಿಂದ ಹುಲಿ ರೂಪಾಯಿ ಟಕ್ ಅಂತ ಹಿಡಿದುಕೊಳ್ಳತ್ತೆ. ಆದರೆ ಅಮೆರಿಕದ ನಿಕಲ್ ಅಂಟಲ್ಲ! ಹೆಸರು ನಿಕಲ್, ಒಳಗೆ ಮುಕ್ಕಾಲು ಪಾಲು ತಾಮ್ರ. ನಿಕಲ್ ಸುಮಾರು 358 ಡಿಗ್ರಿ ಸೆಲ್ಸಿಯಸ್ ದಾಟಿದರೆ ಕಾಂತಗುಣ ಕಳೆದುಕೊಳ್ಳತ್ತೆ, ಇದಕ್ಕೆ ಕ್ಯೂರಿ ತಾಪಮಾನ ಅಂತಾರೆ. ತಾಮ್ರ ಬೆರೆಸುತ್ತಾ ಹೋದಂತೆ ಈ ತಾಪಮಾನ ಇಳಿಯುತ್ತಾ ಬರತ್ತೆ. ಶೇ. 75 ತಾಮ್ರ ಆಗುವಷ್ಟರಲ್ಲಿ ಅದು ಕೋಣೆಯ ತಾಪಮಾನಕ್ಕಿಂತ ಎಷ್ಟೋ ಕೆಳಗೆ ಹೋಗಿರತ್ತೆ. ಹಾಗಾಗಿ ನಮ್ಮ ಕೈಯಲ್ಲಿ ಅದು ಸುಮ್ಮನಿರತ್ತೆ. ಕೆನಡಾದವರು ಮಾತ್ರ 1922ರಲ್ಲಿ ನಿಜವಾಗಿ ಶುದ್ಧ ನಿಕಲ್‌ನ ಐದು ಸೆಂಟ್ ತಂದರು, ಅದು ಅಂಟತ್ತೆ.

ಇನ್ನೊಂದು ಎಚ್ಚರ. ಈಗ ನಮ್ಮ ಜೇಬಲ್ಲಿರುವ ಸ್ಟೇನ್‌ಲೆಸ್ ಸ್ಟೀಲ್ ನಾಣ್ಯಗಳೂ ಮ್ಯಾಗ್ನೆಟ್‌ಗೆ ಅಂಟತ್ತೆ. ಅಂದ್ರೆ ಅಂಟಿದ್ದೆಲ್ಲ ನಿಕಲ್ ಅಲ್ಲ, ಅಂಟದ್ದೆಲ್ಲ ಬೆಳ್ಳಿಯೂ ಅಲ್ಲ. 'ಬೆಳ್ಳಿ ರೂಪಾಯಿ' ಅಂತ ಮಾರುವ ತುಂಡು ಮ್ಯಾಗ್ನೆಟ್‌ಗೆ ಅಂಟಿದರೆ ಮಾತ್ರ ಅನುಮಾನವೇ ಬೇಡ, ಅಲ್ಲಿಂದ ಹೊರಡಿ.

ತಕ್ಕಡಿ: 11.66 ಗ್ರಾಂ ಅನ್ನೋದು ಹೊಸ ನಾಣ್ಯದ ತೂಕ. ಕೈಯಿಂದ ಕೈಗೆ ಓಡಾಡಿ ಸವೆದ ರೂಪಾಯಿ ಸ್ವಲ್ಪ ಕಡಿಮೆ ತೂಗತ್ತೆ. ಕಡಿಮೆ ಇದ್ದರೆ ಸವೆತವೂ ಇರಬಹುದು, ನಕಲಿಯೂ ಇರಬಹುದು. ತೂಕ ಒಂದರಿಂದಲೇ ತೀರ್ಮಾನ ಆಗಲ್ಲ. ಸಾಂದ್ರತೆ ಮಾತ್ರ ಸವೆದರೂ ಬದಲಾಗಲ್ಲ. ಅದಕ್ಕೇ ಮೂರನೇ ಪರೀಕ್ಷೆ.

ನೀರು: ಇದು ಮನೆಯಲ್ಲಿ, ನಿಮ್ಮದೇ ನಾಣ್ಯದ ಮೇಲೆ ಮಾಡುವುದು, ಡೀಲರ್ ಟೇಬಲ್ ಮೇಲಲ್ಲ. ಮೊದಲು ನಾಣ್ಯವನ್ನು ಹಾಗೇ ತೂಗಿ ಬರೆದುಕೊಳ್ಳಿ. ಆಮೇಲೆ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ಸಣ್ಣ ದಾರ ಕಟ್ಟಿ ನಾಣ್ಯವನ್ನು ನೀರಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳ ಮುಟ್ಟಬಾರದು, ಗೋಡೆ ತಾಗಬಾರದು, ಗುಳ್ಳೆ ಅಂಟಿರಬಾರದು. ಆಗ ತಕ್ಕಡಿ ತೋರಿಸುವ ಗ್ರಾಂ ಅಂದ್ರೆ ನಾಣ್ಯ ಪಕ್ಕಕ್ಕೆ ತಳ್ಳಿದ ನೀರಿನ ತೂಕ, ಅಂದ್ರೆ ನಾಣ್ಯದ ಗಾತ್ರ ಘನ ಸೆಂಟಿಮೀಟರ್‌ನಲ್ಲಿ. ಮೊದಲ ತೂಕವನ್ನು ಇದರಿಂದ ಭಾಗಿಸಿದರೆ ಸಾಂದ್ರತೆ. ಆರ್ಕಿಮಿಡೀಸ್ ತಾತನಿಗೆ ಒಂದು ನಮಸ್ಕಾರ ಹಾಕಿ ಮುಂದೆ ಹೋಗೋಣ.

ಉತ್ತರ ಎಷ್ಟು ಬರಬೇಕು? ಬೆಳ್ಳಿ 10.49, ತಾಮ್ರ 8.96, ನಿಕಲ್ 8.91, ಸತು 7.14. ಮಿಶ್ರಲೋಹಕ್ಕೆ ಪ್ರತಿ ಲೋಹದ ಪಾಲನ್ನು ಅದರ ಸಾಂದ್ರತೆಯಿಂದ ಭಾಗಿಸಿ, ಎಲ್ಲ ಕೂಡಿಸಿ, ತಲೆಕೆಳಗೆ ಮಾಡಿದರೆ ಬರತ್ತೆ. ಪೂರ್ಣ ಬೆಳ್ಳಿಯ ರೂಪಾಯಿಗೆ ಸುಮಾರು 10.3, ಕ್ವಾಟರ್ನರಿಗೆ ಸುಮಾರು 9.5, ನಿಕಲ್‌ಗೂ ತಾಮ್ರ-ನಿಕಲ್‌ಗೂ ಸುಮಾರು 8.9. ಈ ಕೊನೆಯ ಎರಡನ್ನು ನೀರು ಬೇರೆ ಮಾಡಲ್ಲ, ಮ್ಯಾಗ್ನೆಟ್ ಮಾಡತ್ತೆ. ಬೆಳ್ಳಿಯ ಎರಡು ಥರವನ್ನು ಮ್ಯಾಗ್ನೆಟ್ ಬೇರೆ ಮಾಡಲ್ಲ, ನೀರು ಮಾಡತ್ತೆ. ಎರಡೂ ಸೇರಿದರೆ ನಾಲ್ಕೂ ಬೇರೆ ಬೇರೆಯಾಗಿ ನಿಲ್ಲತ್ತೆ. ಸೀಸದ ಸಾಂದ್ರತೆ 11.3, ಅದಕ್ಕೆ ಹಗುರ ಲೋಹ ಬೆರೆಸಿ ಬೆಳ್ಳಿಯ ಸಾಂದ್ರತೆಗೆ ತರಬಹುದು ಅನ್ನೋದೂ ನೆನಪಿರಲಿ. ಅದಕ್ಕೇ ಲೆನ್ಸ್ ಬೇಕು.

ಟೇಬಲ್ ಮೇಲಿನ ಬಲೆಗಳು

ಲೆನ್ಸ್‌ನಲ್ಲಿ ಏನು ನೋಡಬೇಕು? ಅಚ್ಚು ಹೊಯ್ದ ನಕಲಿಯಲ್ಲಿ ಅಕ್ಷರಗಳ ಅಂಚು ಮೆತ್ತಗೆ ಕರಗಿದ ಹಾಗೆ ಇರತ್ತೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ತೂತುಗಳು. ಟಂಕಸಾಲೆಯಲ್ಲಿ ಒತ್ತಿದ ನಾಣ್ಯದಲ್ಲಿ ಗೆರೆಗಳು ಚೂಪಾಗಿರತ್ತೆ. ಅಂಚಿನ ಮಧ್ಯೆ ಸುತ್ತಲೂ ಒಂದು ಗೆರೆ ಕಂಡರೆ ಎರಡು ಭಾಗ ಕೂಡಿಸಿದ್ದಾರೆ ಅಂತ ಅನುಮಾನಪಡಿ.

ನಕಲಿ ಅಲ್ಲದಿದ್ದರೂ ಬೆಲೆ ಬೀಳುವ ಎರಡು ಕಾರಣ ನಮ್ಮ ಕಡೆ ಸಾಮಾನ್ಯ. ಒಂದು, ಬೆಸುಗೆ. ಹಿಂದೆ ರೂಪಾಯಿಗೆ ಕೊಂಡಿ ಹಾಕಿ ಸರ ಮಾಡಿ ಹಾಕ್ಕೊಳ್ಳುತ್ತಿದ್ದರು. ಕೊಂಡಿ ತೆಗೆದ ಮೇಲೂ ದೊರೆಯ ತಲೆಯ ಮೇಲ್ಗಡೆ ಅಂಚಿನಲ್ಲಿ ಕಲೆ ಉಳಿದಿರತ್ತೆ. ಎರಡು, ಉಜ್ಜುವುದು. ವಿಭೂತಿ, ಹುಣಸೆಹಣ್ಣು, ಟೂತ್‌ಪೇಸ್ಟ್ ಹಾಕಿ ತಿಕ್ಕಿದ ನಾಣ್ಯ ಫಳಫಳ ಅನ್ನತ್ತೆ, ಆದರೆ ಸಂಗ್ರಹಕಾರರು ಅದನ್ನು ಪಕ್ಕಕ್ಕಿಡ್ತಾರೆ. ಬೆಳ್ಳಿಯ ಮೇಲಿನ ಕಪ್ಪು ಗಾಳಿಯಲ್ಲಿರುವ ಗಂಧಕದಿಂದ ಆದ ಸಿಲ್ವರ್ ಸಲ್ಫೈಡ್ ಪದರ. ತಿಕ್ಕಿದರೆ ಆ ಪದರದ ಜೊತೆ ಬೆಳ್ಳಿಯೂ, ಸಣ್ಣ ವಿವರಗಳೂ ಹೋಗತ್ತೆ. ಇದ್ದ ಹಾಗೇ ಬಿಡಿ.

ಒಳ್ಳೆಯ ಅಪರೂಪಕ್ಕೆ ಒಂದು ಉದಾಹರಣೆ 1911ರ ರೂಪಾಯಿ. ದೊರೆಯ ಉಡುಪಿನ ಮೇಲಿನ ಚಿಕ್ಕ ಆನೆಯ ಚಿತ್ರ ಹಂದಿಯ ಹಾಗೆ ಕಾಣತ್ತೆ ಅಂತ ಆಕ್ಷೇಪ ಬಂದು, 1912ರಲ್ಲಿ ಸೊಂಡಿಲು ಸರಿಯಾಗಿ ಕಾಣುವಂತೆ ತಿದ್ದಿದರು. ಅದಕ್ಕೆ ಹಂದಿ ರೂಪಾಯಿ ಅಂತಲೇ ಹೆಸರು ನಿಂತಿದೆ. ಲೆನ್ಸ್ ಹಾಕಿ ಎರಡೂ ಇಸವಿ ಪಕ್ಕಪಕ್ಕ ಇಟ್ಟು ನೋಡೋದು ಪ್ರದರ್ಶನದಲ್ಲಿ ಉಚಿತವಾಗಿ ಸಿಗುವ ಖುಷಿ.

ದೊಡ್ಡ ಬಲೆ ಬೇರೆ ಇದೆ. 1818 ಅಂತ ಇಸವಿ ಹಾಕಿ, ರಾಮನದ್ದೋ ಹನುಮಂತನದ್ದೋ ಚಿತ್ರ ಇರುವ, ಈಸ್ಟ್ ಇಂಡಿಯಾ ಕಂಪನಿ ಹೆಸರಿನ ತುಂಡುಗಳನ್ನು ನೀವೂ ನೋಡಿರ್ತೀರಿ. ಕಂಪನಿ ಅಂಥ ನಾಣ್ಯ ಟಂಕಿಸಿಯೇ ಇಲ್ಲ. 'ಅಕ್ಕಿ ಕಾಳು ಎಳೆಯುತ್ತೆ, ಕೋಟಿ ಬೆಲೆ' ಅಂತ ನಂಬಿಸಿ ದುಡ್ಡು ಕೀಳುವ ರೈಸ್ ಪುಲ್ಲಿಂಗ್ ಮೋಸಕ್ಕೂ ಇಂಥವೇ ಬಳಕೆಯಾಗೋದು. ಯಾವ ಲೋಹವೂ ಅಕ್ಕಿ ಎಳೆಯುವ ಶಕ್ತಿ ಪಡೆದಿಲ್ಲ ಅಂತ ಮನೆಯಲ್ಲಿ ಹೇಳಬೇಕಾದವರು ಎಂಜಿನಿಯರಿಂಗ್ ಓದುವ ನಾವೇ. ಹಾಗೇ 'ನಿಮ್ಮ ಐದು ರೂಪಾಯಿಗೆ ಲಕ್ಷ ಕೊಡ್ತೀವಿ, ಮೊದಲು ಕಮಿಷನ್ ಕಳಿಸಿ' ಅನ್ನುವ ಜಾಹೀರಾತುಗಳು. ತನ್ನ ಹೆಸರು ಬಳಸಿ ಹಳೇ ನೋಟು, ನಾಣ್ಯದ ವ್ಯವಹಾರದಲ್ಲಿ ಶುಲ್ಕ ಕೇಳುವವರನ್ನು ನಂಬಬೇಡಿ ಅಂತ ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಕೊಟ್ಟಿದೆ.

ಹದಿಮೂರು ರೂಪಾಯಿಯ ಲೆಕ್ಕ

ಇಷ್ಟೆಲ್ಲ ಕಲಿತದ್ದು ಎಲ್ಲಿ ಉಪಯೋಗಕ್ಕೆ ಬಂತು ಅಂತ ಹೇಳ್ತೀವಿ. ನಮ್ಮ ನಾಲ್ವರಲ್ಲಿ ಒಬ್ಬಳದ್ದು ಹಾಸನದ ಕಡೆಯ ಹಳ್ಳಿ. ಅವಳ ಅಜ್ಜಿಯ ಪೂಜೆ ಡಬ್ಬದಲ್ಲಿ ಹದಿಮೂರು ಬಿಳಿ ರೂಪಾಯಿ ಇತ್ತು. ಸಾಲದ ಕಂತು ಕಟ್ಟಬೇಕಿತ್ತು, ಮಾರೋಣ ಅಂತ ಅವರ ಅಪ್ಪ ಪೇಟೆಯ ಒಂದು ಅಂಗಡಿಗೆ ತಗೊಂಡು ಹೋದಾಗ, 'ಎಲ್ಲ ಅರ್ಧ ಬೆಳ್ಳಿ ಸ್ವಾಮಿ, ತೂಕದ ಅರ್ಧಕ್ಕೆ ಬೆಲೆ ಕಟ್ಟಿಕೊಡ್ತೀನಿ' ಅಂದರಂತೆ. ಅಪ್ಪ ಮಾರದೆ ವಾಪಸ್ ತಂದಿದ್ದರು.

ಪ್ರದರ್ಶನ ಮುಗಿದ ಮುಂದಿನ ವಾರ ನಾವು ಅವರ ಮನೆಗೆ ಹೋದೆವು. ಇಸವಿ ಓದಿ, ಅಂಚು ನೋಡಿ, ಮ್ಯಾಗ್ನೆಟ್ ಹಿಡಿದು ಮೂರು ಗುಂಪು ಮಾಡಿದ್ವಿ. ವಿಕ್ಟೋರಿಯಾ ಎರಡು, ಎಡ್ವರ್ಡ್ ಒಂದು, ಐದನೇ ಜಾರ್ಜ್ ನಾಲ್ಕು, ಒಟ್ಟು ಏಳು ಪೂರ್ಣ ಬೆಳ್ಳಿ. 1940ರ ಆಚೆಯವು ನಾಲ್ಕು, ಅರ್ಧ ಬೆಳ್ಳಿ. ಹುಲಿಯವು ಎರಡು, ಮ್ಯಾಗ್ನೆಟ್‌ಗೆ ನೇತಾಡಿದವು. ಅದನ್ನು ನೋಡಿ ಅಜ್ಜಿ ನಕ್ಕು, 'ಇಷ್ಟು ವರ್ಷ ಲಕ್ಷ್ಮಿ ಪಕ್ಕದಲ್ಲಿ ಕೂತಿದ್ದು ಕಬ್ಬಿಣವೇನೋ?' ಅಂದರು. ಕಬ್ಬಿಣ ಅಲ್ಲಜ್ಜಿ, ನಿಕಲ್ ಅಂತ ಹೇಳಿದ್ವಿ. 'ಏನೋ ಒಂದು, ಅದಕ್ಕೂ ಅರಿಶಿನ ಕುಂಕುಮ ಇಟ್ಟಿದ್ದೀನಿ' ಅಂದರು.

ಲೆಕ್ಕ ನೀವೂ ಮಾಡಿ. ಏಳು ಗುಣಿಸು 10.69 ಅಂದ್ರೆ 74.8 ಗ್ರಾಂ. ನಾಲ್ಕು ಗುಣಿಸು 5.83 ಅಂದ್ರೆ 23.3 ಗ್ರಾಂ. ನಿಕಲ್‌ನಲ್ಲಿ ಸೊನ್ನೆ. ಸವೆತ ಬಿಟ್ಟರೆ ಒಟ್ಟು 98 ಗ್ರಾಂ ಬೆಳ್ಳಿ. ಹದಿಮೂರರ ತೂಕ ಸುಮಾರು 151 ಗ್ರಾಂ, ಅದರ ಅರ್ಧ 76 ಗ್ರಾಂ ಕೂಡ ಆಗಲ್ಲ. ಅಂಗಡಿಯವರ ಲೆಕ್ಕದಲ್ಲಿ ಹತ್ತಿರ ಹತ್ತಿರ 22 ಗ್ರಾಂ ಬೆಳ್ಳಿ ಸುಮ್ಮನೆ ಹೋಗುತ್ತಿತ್ತು, ಅಂದ್ರೆ ಎರಡು ಪೂರ್ಣ ರೂಪಾಯಿಗಿಂತ ಜಾಸ್ತಿ. ಮಾರಬೇಡಿ ಅಂತ ನಾವು ಹೇಳಲಿಲ್ಲ, ಅವರಿಗೆ ದುಡ್ಡು ಬೇಕಿತ್ತು. ಏನನ್ನು ಮಾರುತ್ತಿದ್ದೀರಿ ಅಂತ ಬರೆದ ಒಂದು ಹಾಳೆ ಕೊಟ್ಟೆವು. ಅವರು ಐದನೇ ಜಾರ್ಜ್ ನಾಲ್ಕು ಮತ್ತು ಅರ್ಧ ಬೆಳ್ಳಿಯ ನಾಲ್ಕನ್ನು, ಆ ಹಾಳೆ ತೋರಿಸಿ, ಬೇರೆ ಕಡೆ ಆ ದಿನದ ದರಕ್ಕೆ ಮಾರಿದರು. ರಾಣಿಯದ್ದು, ಎಡ್ವರ್ಡ್‌ನದ್ದು, ಹುಲಿಯದ್ದು ಡಬ್ಬದಲ್ಲೇ ಉಳಿಯಿತು.

ಇಂಥ ಡಬ್ಬ ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿದೆ. ಕರಗಿಸಿದ ಮೇಲೆ 1919 ಅನ್ನೋ ಇಸವಿ ಮತ್ತೆ ಬರಲ್ಲ. ಹಾಗಾಗಿ ಮೂಸೆಗೆ ಹೋಗುವ ಮುಂಚೆ ಒಮ್ಮೆ ಓದಿಬಿಡಿ.

ಹೊರಡುವವರಿಗೆ ಕೊನೆಯ ಮಾತು

ಬೆಳಿಗ್ಗೆ ಬೇಗ ಹೋಗಿ, ಟ್ರೇಗಳು ಮಧ್ಯಾಹ್ನದ ಹೊತ್ತಿಗೆ ಬರಿದಾಗತ್ತೆ. ಮೊದಲ ಸುತ್ತಿನಲ್ಲಿ ಏನೂ ತಗೋಬೇಡಿ, ಬೆಲೆ ಕೇಳಿ ಬರೆದುಕೊಳ್ಳಿ. ಆ ದಿನದ ಬೆಳ್ಳಿ ದರ ನೋಡಿಕೊಂಡು, ತೂಕ, ಬೆಳ್ಳಿಯ ಪಾಲು, ದರ ಮೂರನ್ನೂ ಗುಣಿಸಿ ಲೋಹದ ಬೆಲೆ ಗೊತ್ತುಮಾಡಿಕೊಳ್ಳಿ. ಅದರ ಮೇಲೆ ಕೇಳುವ ಪ್ರತಿ ರೂಪಾಯಿಗೂ ಅಪರೂಪವೋ, ಒಳ್ಳೆಯ ಸ್ಥಿತಿಯೋ ಒಂದು ಕಾರಣ ಇರಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿಯಿರಿ, ಮುಖಕ್ಕೆ ಬೆರಳು ತಾಗಿಸಬೇಡಿ. ಬಿಲ್ ಕೇಳಿ. ನೂರು ವರ್ಷ ದಾಟಿದ ನಾಣ್ಯಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ಅಡಿ ಬರುವುದರಿಂದ, ವಿದೇಶದಲ್ಲಿರುವ ಅಣ್ಣ ಅಕ್ಕಂದಿರ ಕೈಯಲ್ಲಿ ಉಡುಗೊರೆಯಾಗಿ ಕಳಿಸಬೇಡಿ.

ಬೆಳ್ಳಿಗೆ ದುಡ್ಡು ಸಾಲದಿದ್ದರೆ ನಿಕಲ್‌ನಿಂದ ಶುರು ಮಾಡಿ. 1947ರ ಹುಲಿ, 1950ರ ಸಿಂಹ, 1962ರ ರೂಪಾಯಿ, 1964ರ ನೆಹರು, 1969ರ ಗಾಂಧಿ ಶತಮಾನೋತ್ಸವದ ರೂಪಾಯಿ. ಐದೂ ಶುದ್ಧ ನಿಕಲ್, ಐದೂ ಮ್ಯಾಗ್ನೆಟ್‌ಗೆ ಅಂಟತ್ತೆ, ಐದನ್ನೂ ಸಾಲಾಗಿ ಇಟ್ಟರೆ ದೊರೆಯಿಂದ ಗಣರಾಜ್ಯದ ತನಕದ ದಾರಿ ಕಾಣತ್ತೆ. ನಮ್ಮ ಸೆಟ್‌ನಲ್ಲಿ 1950ರದ್ದು ಇನ್ನೂ ಸಿಕ್ಕಿಲ್ಲ. ಯಾರ ಮನೆಯಲ್ಲಾದರೂ ಎರಡಿದ್ದರೆ ಸಂಘದ ಕೋಣೆಗೆ ತನ್ನಿ, ನಮ್ಮ ಹತ್ತಿರ 1969ರದ್ದು ಒಂದು ಹೆಚ್ಚಿಗೆ ಇದೆ. ಮ್ಯಾಗ್ನೆಟ್ ನಮ್ಮದೇ.